ಈಗ ಎಲ್ಲಿಗೆ? ಮನೆಯ ಸಿಮ್ಯುಲೇಟರ್‌ನಲ್ಲಿ ಅಟ್ಲಾಂಟಿಕ್ ದಾಟುವ ಮುನ್ನ

ಈ ಗ್ಲೋಬ್ ನನ್ನ ಮಗಳದ್ದು. ಕೈಯಲ್ಲಿರುವುದು ನಮ್ಮ ಮನೆಯಲ್ಲಿ ಹೂ ಕಟ್ಟುವ ದಾರ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ನಲ್ಲಿ ಅಟ್ಲಾಂಟಿಕ್ ದಾಟುವುದು ಹೇಗೆ ಅನ್ನುವ ಇವತ್ತಿನ ಮಾತಿಗೆ ಇವೆರಡು ಸಾಕು ಅಂತ ತಂದಿದ್ದೇನೆ. ದಾರದ ಒಂದು ತುದಿ ಲಂಡನ್ ಮೇಲೆ, ಇನ್ನೊಂದು ತುದಿ ನ್ಯೂಯಾರ್ಕ್ ಮೇಲೆ. ಈಗ ಬಿಗಿಯಾಗಿ ಎಳೆಯುತ್ತೇನೆ, ಹಿಂದಿನ ಸಾಲಿನವರಿಗೂ ಕಾಣಲಿ. ನ್ಯೂಯಾರ್ಕ್ ಲಂಡನ್‌ಗಿಂತ ಎಷ್ಟೋ ದಕ್ಷಿಣಕ್ಕಿದೆ. ಆದರೂ ದಾರ ಮೊದಲು ಉತ್ತರಕ್ಕೇ ಏರುತ್ತದೆ, ನೋಡಿ. ಐರ್ಲೆಂಡ್ ದಾಟಿ, 53 ಡಿಗ್ರಿ ಅಕ್ಷಾಂಶವನ್ನೂ ಸ್ವಲ್ಪ ಮೀರಿ, ಅಲ್ಲಿಂದ ನಿಧಾನಕ್ಕೆ ಇಳಿಯುತ್ತಾ ಕೆನಡಾದ ನ್ಯೂಫೌಂಡ್‌ಲೆಂಡ್ ಮೇಲೆ ಹಾದು ನ್ಯೂಯಾರ್ಕ್ ಮುಟ್ಟುತ್ತದೆ. ಒಟ್ಟು ಸುಮಾರು 3,000 ನಾಟಿಕಲ್ ಮೈಲಿ. ಅಂದರೆ 5,500 ಕಿಲೋಮೀಟರ್‌ಗೆ ತುಸು ಜಾಸ್ತಿ.

ಇದೇ ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಿಡಿದರೆ ಏನಾಗುತ್ತದೆ? ಸೀದಾ ಉತ್ತರ ಧ್ರುವದ ಪಕ್ಕಕ್ಕೆ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವದ ಮೇಲೆ ಹಾರಿ ನಮ್ಮ ಬೆಂಗಳೂರಿಗೆ ಬಂದಿಳಿದರು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಆ ಸುದ್ದಿ ಓದಿದ ದಿನ ನಾನು ಮೊದಲ ಸಲ ಈ ದಾರ ಹಿಡಿದು ನೋಡಿದ್ದು. ಆದರೆ ಆ ಹಾರಾಟ ಹದಿನಾರು–ಹದಿನೇಳು ಗಂಟೆಯದು. ಇವತ್ತು ಅಟ್ಲಾಂಟಿಕ್ ದಾಟೋಣ.

ಈಗ ದಾರದ ನಡುವೆ ಬೆರಳಿಟ್ಟಿದ್ದೇನೆ. ಕೆಳಗೆ ಬರೀ ನೀರು. ಇಲ್ಲಿ ಒಂದು ಇಂಜಿನ್ ನಿಂತರೆ ಈಗ ಎಲ್ಲಿಗೆ? ಈ ಪ್ರಶ್ನೆಗೆ ಪ್ರತಿ ನಿಮಿಷವೂ ಉತ್ತರ ಸಿದ್ಧವಾಗಿದ್ದರೆ ನೀವು ನಿಜವಾಗಿ ಸಾಗರ ದಾಟುತ್ತಿದ್ದೀರಿ. ಉತ್ತರ ಇಲ್ಲದಿದ್ದರೆ ನೀಲಿ ಪರದೆ ನೋಡುತ್ತಾ ಕೂತಿದ್ದೀರಿ, ಅಷ್ಟೇ. 'ಆರು ಗಂಟೆ ಸುಮ್ನೆ ಕೂತು ಏನು ಮಾಡೋದು, ಬೇಜಾರಾಗುತ್ತೆ' ಅಂತ ಹಲವರು ನನಗೆ ಹೇಳಿದ್ದಾರೆ. ಅವರ ಬೇಜಾರಿಗೆ ಕಾರಣ ಸಾಗರ ಅಲ್ಲ. ಕೈಯಲ್ಲಿ ಪ್ಲಾನ್ ಇಲ್ಲದಿರುವುದು.

ನನ್ನ ಮೊದಲ ದಾಟುವಿಕೆಯ ಕಥೆ ಹೇಳುತ್ತೇನೆ. ವಿಮಾನದ ವೇಗ ಗಂಟೆಗೆ 480 ನಾಟಿಕಲ್ ಮೈಲಿ, ದೂರ 3,000. ಭಾಗಿಸಿದರೆ ಆರೂಕಾಲು ಗಂಟೆ. ಜೊತೆಗೆ ಅರ್ಧ ಗಂಟೆಯ ಇಂಧನ ಇರಲಿ ಅಂತ ಸೇರಿಸಿದೆ. ಸಿಮ್ಯುಲೇಟರ್‌ನಲ್ಲಿ ಲೈವ್ ಹವಾಮಾನ ಆನ್ ಮಾಡಿ ಹೀಥ್ರೂನಿಂದ ಹೊರಟೆ. ಅವತ್ತು ದಾರಿಯುದ್ದಕ್ಕೂ ಸರಾಸರಿ 80 ನಾಟ್, ಅಂದರೆ ಗಂಟೆಗೆ 80 ನಾಟಿಕಲ್ ಮೈಲಿ, ಎದುರುಗಾಳಿ ಇತ್ತು. 480ರಲ್ಲಿ 80 ಕಳೆದರೆ 400. 3,000 ಮೈಲಿಗೆ ಏಳೂವರೆ ಗಂಟೆ. ಕೆನಡಾದ ಕರಾವಳಿ ಹತ್ತಿರ ಬಂದಾಗ ಕೂಡಿಸಿ ಕಳೆದು ನೋಡಿದೆ. ನ್ಯೂಫೌಂಡ್‌ಲೆಂಡಿನ ಗ್ಯಾಂಡರ್ ನಿಲ್ದಾಣ ತಲುಪುವ ಹೊತ್ತಿಗೆ ಒಂದೂಮುಕ್ಕಾಲು ಗಂಟೆಯ ಇಂಧನ ಉಳಿಯುತ್ತದೆ. ಅಲ್ಲಿಂದ ನ್ಯೂಯಾರ್ಕ್‌ಗೆ ಇನ್ನೂ ಎರಡೂವರೆ ಗಂಟೆ ಬೇಕು. ಗ್ಯಾಂಡರ್‌ನಲ್ಲೇ ಇಳಿದೆ. ಇಳಿದ ಮೇಲೆ ತುಂಬ ಹೊತ್ತು ಪರದೆ ಆರಿಸಲಿಲ್ಲ. ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸಾಗರದ ಮೇಲೆ ನಾಲ್ಕು ಗಂಟೆ ಹಾರಿದ್ದೆನಲ್ಲ ಅನ್ನೋದು ಮನಸ್ಸಿನಿಂದ ಹೋಗಲೇ ಇಲ್ಲ.

ಹಾಗಾಗಿ ಪ್ಲಾನ್ ಶುರುವಾಗಬೇಕಾದ್ದು ಗಾಳಿಯಿಂದ. ಉತ್ತರ ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಗಾಳಿಯ ಹೊಳೆ ಹರಿಯುತ್ತದೆ. ಒಂದು ದಿನ ಉತ್ತರಕ್ಕೆ, ಇನ್ನೊಂದು ದಿನ ದಕ್ಷಿಣಕ್ಕೆ ಬಾಗುತ್ತದೆ. ಚಳಿಗಾಲದಲ್ಲಿ ಜೋರು. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಬೆನ್ನ ಹಿಂದೆ ಆ ಗಾಳಿ ಇದ್ದರೆ ವರ. ಅದೇ ದಿನ ಎದುರು ದಿಕ್ಕಿನಲ್ಲಿ ಹೋಗುವವರು ಅದನ್ನು ತಪ್ಪಿಸಿಕೊಂಡು ಬಳಸು ದಾರಿ ಹಿಡಿಯಬೇಕು. ಆದ್ದರಿಂದ ನಾನು ತೋರಿಸಿದ ಈ ದಾರದ ಗೆರೆ ಅತಿ ಹತ್ತಿರದ ದಾರಿ ನಿಜ, ಆದರೆ ಎಲ್ಲ ದಿನವೂ ಬೇಗ ತಲುಪಿಸುವ ದಾರಿ ಅಲ್ಲ.

ಇದಕ್ಕಾಗಿಯೇ ಅಲ್ಲಿ ದಿನಕ್ಕೆ ಎರಡು ಸಲ ಹೊಸ ದಾರಿಗಳನ್ನು ಹಾಕುತ್ತಾರೆ. ಭೂಮಿಯ ಮೇಲಿನ ರಸ್ತೆಯನ್ನು ದಿನಾ ಗಾಳಿ ನೋಡಿಕೊಂಡು ಬೇರೆ ಕಡೆ ಹಾಕಿದ ಹಾಗೆ. ಹಗಲು ಪಶ್ಚಿಮಕ್ಕೆ ಹೋಗುವ ದಾರಿಗಳನ್ನು ಹಾಕುವವರು ಶಾನ್ವಿಕ್ ಅನ್ನುವ ವಿಮಾನ ಸಂಚಾರ ನಿಯಂತ್ರಣ ಕೇಂದ್ರದವರು. ಐರ್ಲೆಂಡಿನ ಶ್ಯಾನನ್, ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್, ಎರಡೂ ಊರಿನ ಹೆಸರು ಕೂಡಿಸಿ ಮಾಡಿದ ಹೆಸರು ಅದು. ರಾತ್ರಿ ಪೂರ್ವಕ್ಕೆ ಬರುವ ದಾರಿಗಳು ಗ್ಯಾಂಡರ್‌ನ ಕೇಂದ್ರದವರವು. 30 ಡಿಗ್ರಿ ಪಶ್ಚಿಮ ರೇಖಾಂಶ ಇವರಿಬ್ಬರ ನಡುವಿನ ಗಡಿ. ಪಶ್ಚಿಮಕ್ಕೆ ಹೋಗುವ ದಾರಿಗಳಿಗೆ ಉತ್ತರದಿಂದ ಎ, ಬಿ, ಸಿ ಅಂತ ಹೆಸರು. ಪೂರ್ವಕ್ಕೆ ಬರುವವಕ್ಕೆ ದಕ್ಷಿಣದಿಂದ ಜೆಡ್, ವೈ, ಎಕ್ಸ್ ಅಂತ ಹಿಮ್ಮುಖವಾಗಿ. ಆ ದಿನದ ಪಟ್ಟಿಗೆ ಒಂದು ಸಂಖ್ಯೆ ಇರುತ್ತದೆ. ವರ್ಷದ ಎಷ್ಟನೇ ದಿನ ಅನ್ನುವುದೇ ಆ ಸಂಖ್ಯೆ. ನವೆಂಬರ್ 1 ಆದರೆ 305, ಅಧಿಕ ವರ್ಷ ಅಲ್ಲದಿದ್ದರೆ. ನಿನ್ನೆಯ ಪಟ್ಟಿ ಹಿಡಿದು ಇವತ್ತು ಹಾರುವುದನ್ನು ಈ ಪುಟ್ಟ ಸಂಖ್ಯೆ ತಡೆಯುತ್ತದೆ.

ನಮ್ಮೂರಿನವರಿಗೆ ಇಲ್ಲಿ ಒಂದು ಅನುಕೂಲ ಇದೆ. ಪಶ್ಚಿಮಕ್ಕೆ ಹೋಗುವ ದಾರಿಗಳು 30 ಡಿಗ್ರಿ ರೇಖಾಂಶದ ಹತ್ತಿರ ತೆರೆದಿರುವುದು ಗ್ರೀನ್‌ವಿಚ್ ಸಮಯದ ಲೆಕ್ಕದಲ್ಲಿ 11:30ರಿಂದ 19:00 ಗಂಟೆ. ನಮ್ಮ ಗಡಿಯಾರಕ್ಕೆ ಸಂಜೆ 5ರಿಂದ ರಾತ್ರಿ 12:30. ಪೂರ್ವಕ್ಕೆ ಬರುವವು ನಮಗೆ ಬೆಳಿಗ್ಗೆ 6:30ರಿಂದ ಮಧ್ಯಾಹ್ನ 1:30. ಶನಿವಾರ ಮಧ್ಯಾಹ್ನ ಊಟ ಮಾಡಿ, ಪ್ಲಾನ್ ಮುಗಿಸಿ, ನಾಲ್ಕೂವರೆಗೆ ಲಂಡನ್ ಬಿಟ್ಟರೆ ನಿಜವಾದ ವಿಮಾನಗಳ ಜೊತೆಗೇ ಸಾಗರದ ಮೇಲಿರುತ್ತೀರಿ. ಭಾನುವಾರ ಬೆಳಿಗ್ಗೆ ಐದೂವರೆಗೆ ನ್ಯೂಯಾರ್ಕ್ ಬಿಟ್ಟರೆ ಊಟದ ಹೊತ್ತಿಗೆ ಲಂಡನ್. ಗಡಿಯಾರ ತಿರುಗಿಸುವ ಅಗತ್ಯವೇ ಇಲ್ಲ. ಅಲ್ಲಿ ಸೂರ್ಯ ಎಲ್ಲಿದ್ದಾನೋ ನಿಮ್ಮ ಕಿಟಕಿಯಲ್ಲೂ ಅಲ್ಲೇ.

ದಾರಿಯ ಪಟ್ಟಿಯನ್ನು ಸಿಮ್‌ಬ್ರೀಫ್ ಅನ್ನುವ, ಹಾರಾಟದ ಪ್ಲಾನ್ ಮಾಡಿಕೊಡುವ ವೆಬ್‌ಸೈಟ್‌ನಲ್ಲಿ ಆರಿಸಿದರೆ ಅದೇ ಗಾಳಿ ಸೇರಿಸಿ ಇಂಧನದ ಲೆಕ್ಕ ಕೊಡುತ್ತದೆ. ಆ ಹಾಳೆಯನ್ನು ಪ್ರಿಂಟ್ ತೆಗೆದು ಸಾಲು ಸಾಲಾಗಿ ಓದಿ. ನನ್ನ ಹತ್ತಿರ ಇರುವ ಹಾಳೆ ಬೋಯಿಂಗ್ 787-9ರದ್ದು. ದಾರಿಗೆ 38 ಟನ್. ಅದರ ನೂರಕ್ಕೆ ಐದು, ಅಂದರೆ ಸುಮಾರು 1.9 ಟನ್, ಅಂದಾಜು ತಪ್ಪಿದರೆ ಇರಲಿ ಅಂತ. ನ್ಯೂಯಾರ್ಕ್‌ನಲ್ಲಿ ಇಳಿಯಲಾಗದಿದ್ದರೆ ಬಾಸ್ಟನ್‌ಗೆ ಹೋಗಲು 2.3. ಕೊನೆಯ ಅರ್ಧ ಗಂಟೆಗೆ 2.1. ಇದನ್ನು ಮುಟ್ಟಲೇಬಾರದು. ನೆಲದ ಮೇಲೆ ಓಡಾಡಲು ಅರ್ಧ ಟನ್. ಒಟ್ಟು ಸುಮಾರು 45 ಟನ್. ಈ ವಿಮಾನದ ಟ್ಯಾಂಕಿನಲ್ಲಿ ನೂರು ಟನ್ ಹಿಡಿಯುತ್ತದೆ. 'ಹಾಗಾದರೆ ತುಂಬಿಸಿಬಿಡೋಣ, ಭಯವೇ ಇರಲ್ಲ' ಅಂತ ಒಬ್ಬ ಗೆಳೆಯರು ಕೇಳಿದ್ದರು. ಹೊತ್ತ ಪ್ರತಿ ಟನ್ನೂ ತನ್ನನ್ನು ಹೊರಲು ಇಂಧನ ಕುಡಿಯುತ್ತದೆ. ವಿಮಾನ ಭಾರವಾದಷ್ಟೂ ಮೇಲೆ ಏರಲು ಆಗುವುದಿಲ್ಲ. ಕೆಳಗೆ ಹಾರಿದಷ್ಟೂ ಖರ್ಚು ಜಾಸ್ತಿ. ಸರಿಯಾದ ತೂಕದಲ್ಲಿ ಹೊರಟರೆ 34,000 ಅಡಿಯಲ್ಲಿ ಶುರುಮಾಡಿ, ಇಂಧನ ಕರಗಿದಂತೆ 36,000, 38,000 ಅಂತ ಮೆಟ್ಟಿಲು ಹತ್ತಬಹುದು.

ಈಗ ಮತ್ತೆ ಗ್ಲೋಬಿಗೆ ಬರೋಣ. 'ಈಗ ಎಲ್ಲಿಗೆ' ಅನ್ನುವ ಪ್ರಶ್ನೆಗೆ ಕೈಯಲ್ಲೇ ಉತ್ತರ ಹುಡುಕಬಹುದು. ಎರಡು ಇಂಜಿನ್ ವಿಮಾನದಲ್ಲಿ ಒಂದು ನಿಂತರೆ ಇನ್ನೊಂದರಲ್ಲೇ ಇಷ್ಟು ನಿಮಿಷದೊಳಗೆ ಒಂದು ನಿಲ್ದಾಣ ಸಿಗಬೇಕು ಅನ್ನುವ ನಿಯಮ ಇದೆ. ಮೊದಲು 60 ನಿಮಿಷ ಇತ್ತು. 1985ರಲ್ಲಿ 120 ನಿಮಿಷಕ್ಕೆ ಒಪ್ಪಿಗೆ ಸಿಕ್ಕಿತು. ಆ ಫೆಬ್ರವರಿಯಲ್ಲೇ ಟಿಡಬ್ಲ್ಯುಎ ಕಂಪನಿಯ 767 ಬಾಸ್ಟನ್‌ನಿಂದ ಪ್ಯಾರಿಸ್‌ಗೆ ಹಾರಿತು. ಆಮೇಲೆ 180 ಬಂತು. ಏರ್‌ಬಸ್ ಎ350ಗೆ 370 ನಿಮಿಷದವರೆಗೂ ಒಪ್ಪಿಗೆ ಇದೆ.

ನಾವು ಹಳೆಯ 120 ನಿಮಿಷವನ್ನೇ ಇಟ್ಟುಕೊಳ್ಳೋಣ. ಒಂದೇ ಇಂಜಿನ್‌ನಲ್ಲಿ ಗಂಟೆಗೆ 400 ಮೈಲಿ ಅಂದರೆ ಎರಡು ಗಂಟೆಗೆ 800. ಅಕ್ಷಾಂಶದ ಒಂದು ಡಿಗ್ರಿ ಅಂದರೆ 60 ನಾಟಿಕಲ್ ಮೈಲಿ. ಅಲ್ಲಿಗೆ 800 ಮೈಲಿ ಅಂದರೆ ಹದಿಮೂರು ಡಿಗ್ರಿ ಚಿಲ್ಲರೆ. ಗ್ಲೋಬಿನ ಮೇಲೆ ಉತ್ತರ–ದಕ್ಷಿಣವಾಗಿ ಅಷ್ಟು ದಾರ ಅಳೆದು, ಇಲ್ಲಿ ಒಂದು ಗಂಟು ಹಾಕಿದ್ದೇನೆ. ದಾರದ ತುದಿ ಶ್ಯಾನನ್ ಮೇಲಿಟ್ಟು ಗಂಟನ್ನು ಸುತ್ತ ತಿರುಗಿಸುತ್ತೇನೆ, ಒಂದು ವೃತ್ತ. ಗ್ಯಾಂಡರ್ ಮೇಲಿಟ್ಟು ತಿರುಗಿಸಿದರೆ ಇನ್ನೊಂದು. ನೋಡಿ, ಎರಡೂ ವೃತ್ತ ಒಂದನ್ನೊಂದು ಮುಟ್ಟುತ್ತಿಲ್ಲ! ಶ್ಯಾನನ್–ಗ್ಯಾಂಡರ್ ನಡುವೆ 1,720 ಮೈಲಿ ಇದೆ, ನಮ್ಮ ಎರಡು ದಾರ ಸೇರಿದರೆ 1,600. ನಡುವೆ 120 ಮೈಲಿಯ ಬಿರುಕು. ಈಗ ದಾರದ ತುದಿ ಐಸ್‌ಲೆಂಡಿನ ಕೆಫ್ಲಾವಿಕ್ ಮೇಲಿಡಿ. ಆ ಬಿರುಕಿನ ನಡುಮಧ್ಯಕ್ಕೆ ಅಲ್ಲಿಂದ 730 ಮೈಲಿ ಆಸುಪಾಸು. ಗಂಟು ಬಿರುಕನ್ನು ದಾಟಿ ಈಚೆ ಬರುತ್ತದೆ. ಬಿರುಕು ಮುಚ್ಚಿತು. ದಕ್ಷಿಣದ ದಾರಿ ಸಿಕ್ಕಿದ ದಿನ ಇದೇ ಕೆಲಸವನ್ನು ಅಜೋರ್ಸ್ ದ್ವೀಪದ ಲಾಜೆಸ್ ಮಾಡುತ್ತದೆ. ಎಂದೂ ಇಳಿಯದ ಆ ಊರು ನಿಮ್ಮ ಹಾರಾಟವನ್ನು ಹಿಡಿದು ನಿಲ್ಲಿಸಿದೆ, ಅಲ್ವಾ? ಅದಕ್ಕೇ ಕೆಫ್ಲಾವಿಕ್‌ನಲ್ಲಿ ಅವತ್ತು ಹಿಮ ಬೀಳುತ್ತಿದೆಯಾ, ಗ್ಯಾಂಡರ್‌ನಲ್ಲಿ ಮಂಜು ಇದೆಯಾ ಅಂತ ಹೊರಡುವ ಮೊದಲೇ ನೋಡಬೇಕು. ಇಳಿಯಲಾಗದ ನಿಲ್ದಾಣದ ಸುತ್ತ ವೃತ್ತ ಬರೆದು ಪ್ರಯೋಜನವಿಲ್ಲ.

ವೃತ್ತದ ಒಳಗಿದ್ದೇವೆ, ಸರಿ. ಹಿಂದಕ್ಕೆ ತಿರುಗುವುದೋ, ಮುಂದಕ್ಕೇ ಹೋಗುವುದೋ? ಅರ್ಧ ದೂರ ಆದ ಮೇಲೆ ಮುಂದಕ್ಕೆ ಅಂತ ಅನಿಸುತ್ತದೆ. ಅದು ತಪ್ಪು. ಎದುರುಗಾಳಿ 80 ಇದ್ದರೆ ಮುಂದೆ ಹೋಗುವ ವೇಗ 400, ಹಿಂದೆ ತಿರುಗಿದರೆ 560. ಸೂತ್ರ ಸುಲಭ: ಒಟ್ಟು ದೂರವನ್ನು ಹಿಂದಿರುಗುವ ವೇಗದಿಂದ ಗುಣಿಸಿ, ಎರಡೂ ವೇಗಗಳ ಮೊತ್ತದಿಂದ ಭಾಗಿಸಿ. 1,720 ಗುಣಿಸು 560, ಭಾಗಿಸು 960. ಉತ್ತರ 1,003. ಅಂದರೆ ಶ್ಯಾನನ್‌ನಿಂದ 1,003 ಮೈಲಿ ಹೋದ ಮೇಲೂ ಹಿಂದೆ ಬರುವುದಕ್ಕೂ ಮುಂದೆ ಹೋಗುವುದಕ್ಕೂ ಒಂದೇ ಹೊತ್ತು, 1 ಗಂಟೆ 47 ನಿಮಿಷ. ಅರ್ಧ ದಾರಿ 860ಕ್ಕೇ ಮುಗಿದಿತ್ತು. ನಡುವಿನ ಆ 143 ಮೈಲಿಯಲ್ಲಿ ಮುಂದಿನ ಊರು ದೂರದಲ್ಲಿ ಹತ್ತಿರ, ಹೊತ್ತಿನಲ್ಲಿ ದೂರ. ನಿಜವಾದ ಪ್ಲಾನಿನಲ್ಲಿ ಒಂದೇ ಇಂಜಿನ್‌ನ ವೇಗ, ಕೆಳಗಿನ ಎತ್ತರದ ಗಾಳಿ ಹಿಡಿದು ಇದನ್ನು ಮಾಡುತ್ತಾರೆ. ಕ್ಯಾಬಿನ್‌ನ ಗಾಳಿ ಒತ್ತಡ ಹೋಗಿ 10,000 ಅಡಿಗೆ ಇಳಿಯಬೇಕಾಗಿ ಬಂದರೂ ಈ ಬಿಂದುವಿನಿಂದ ನಿಲ್ದಾಣ ಮುಟ್ಟುವಷ್ಟು ಇಂಧನ ಇರಬೇಕು ಅಂತ ಲೆಕ್ಕ ಹಾಕುತ್ತಾರೆ. ನೀವು ಮೊದಲು ಕ್ಯಾಲ್ಕ್ಯುಲೇಟರ್‌ನಲ್ಲಿ ಈ ಸರಳ ಲೆಕ್ಕ ಮಾಡಿ. ನಕ್ಷೆಯಲ್ಲಿ ಆ ಜಾಗಕ್ಕೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಹಾಕಿ. ಗೆರೆಯ ಈಚೆಗೆ ಶ್ಯಾನನ್, ಆಚೆಗೆ ಗ್ಯಾಂಡರ್.

ಗ್ಯಾಂಡರ್ ಹೆಸರು ಪದೇ ಪದೇ ಬರುತ್ತಿದೆ. ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನ್ಯೂಫೌಂಡ್‌ಲೆಂಡ್ ಅಂದರೆ ಅಮೆರಿಕ ಖಂಡ ಯುರೋಪಿನ ಕಡೆ ಚಾಚಿದ ಕೈ. 1919ರ ಜೂನ್‌ನಲ್ಲಿ ಅಲ್ಕಾಕ್ ಮತ್ತು ಬ್ರೌನ್ ಮೊದಲ ಸಲ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿದ್ದು ಇದೇ ದ್ವೀಪದಿಂದ ಹೊರಟು. ಸುಮಾರು 16 ಗಂಟೆ ಹಾರಿ ಐರ್ಲೆಂಡಿನ ಕ್ಲಿಫ್ಡನ್ ಹತ್ತಿರ ಕೆಸರು ಭೂಮಿಯಲ್ಲಿ ಇಳಿದರು. ಗ್ಯಾಂಡರ್ ನಿಲ್ದಾಣ 1930ರ ದಶಕದಲ್ಲಿ ಕಟ್ಟಿದ್ದು. ಒಂದೇ ಓಟದಲ್ಲಿ ಸಾಗರ ದಾಟಲಾಗದ ವಿಮಾನಗಳು ಇಂಧನ ತುಂಬಿಸಿಕೊಳ್ಳುತ್ತಿದ್ದದ್ದು ಅಲ್ಲಿ. ಜೆಟ್‌ಗಳು ಬಂದ ಮೇಲೆ ಆ ಕೆಲಸ ಕಡಿಮೆ ಆಯಿತು, ಆದರೆ 10,200 ಅಡಿಯ ರನ್‌ವೇ ಉಳಿಯಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶ ಮುಚ್ಚಿದಾಗ 38 ವಿಮಾನಗಳು ಅಲ್ಲಿ ಇಳಿದವು. ಸುಮಾರು ಹತ್ತು ಸಾವಿರ ಜನರ ಊರು 6,500ಕ್ಕೂ ಹೆಚ್ಚು ಅಪರಿಚಿತರಿಗೆ ಊಟ ಹಾಕಿ, ಮಲಗಲು ಜಾಗ ಕೊಟ್ಟಿತು. ನಾನು ಪ್ಲಾನ್ ಹಾಳೆಯಲ್ಲಿ ಗ್ಯಾಂಡರ್ ಅಂತ ಬರೆಯುವಾಗಲೆಲ್ಲ ಇದು ನೆನಪಾಗುತ್ತದೆ.

ಈಗ ಹಾರಾಟದ ಹೊತ್ತಿನ ಮಾತು. ಸಾಗರದ ಮೇಲೆ ಹತ್ತು ಹತ್ತು ಡಿಗ್ರಿ ರೇಖಾಂಶಕ್ಕೆ ಒಂದೊಂದು ಬಿಂದು. ಐರ್ಲೆಂಡಿನ ಪಶ್ಚಿಮಕ್ಕೆ ಲಿಮ್ರಿ ಅನ್ನುವ ಬಿಂದು ಇದೆ, 52 ಉತ್ತರ 15 ಪಶ್ಚಿಮ. ಅಲ್ಲಿಂದ 20, 30, 40, 50. 52 ಡಿಗ್ರಿ ಅಕ್ಷಾಂಶದಲ್ಲಿ ಹತ್ತು ಡಿಗ್ರಿ ಅಂದರೆ ಸುಮಾರು 370 ಮೈಲಿ, ನಮ್ಮ ವೇಗಕ್ಕೆ 55 ನಿಮಿಷ. ಪ್ರತಿ ಬಿಂದುವಿನಲ್ಲೂ ನಾನು ಮೂರು ಅಂಕಿ ಬರೆಯುತ್ತೇನೆ: ಮುಟ್ಟಿದ ಹೊತ್ತು, ಉಳಿದ ಇಂಧನ, ಪ್ಲಾನಿನಲ್ಲಿ ಇರಬೇಕಿದ್ದ ಇಂಧನ. ಬಿಂದು ದಾಟಿ ಹತ್ತು ನಿಮಿಷಕ್ಕೆ ಇನ್ನೊಂದು ಕೆಲಸ. ವಿಮಾನ ಇರುವ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕುವುದು. ನಿಜವಾದ ಪೈಲಟ್‌ಗಳಿಗೂ ಇದು ರೂಢಿ.

ಯಾಕೆ ಅಂತ ಕೇಳಿ. ಒಮ್ಮೆ ನಾನು 40 ಡಿಗ್ರಿಯ ಬಿಂದುವನ್ನು ಕಂಪ್ಯೂಟರ್‌ಗೆ ತುಂಬುವಾಗ 50 ಉತ್ತರ ಅನ್ನುವ ಬದಲು 51 ಅಂತ ಒತ್ತಿದ್ದೆ. ಪರದೆಯಲ್ಲಿ ಎಲ್ಲ ಸರಿಯಾಗೇ ಕಾಣುತ್ತಿತ್ತು. ವಿಮಾನ ತನಗೆ ಹೇಳಿದ ಗೆರೆಯ ಮೇಲೇ ಇತ್ತು. 30 ದಾಟಿ ಹತ್ತು ನಿಮಿಷಕ್ಕೆ ಊಟದ ಮೇಜಿನ ಮೇಲಿದ್ದ ಎ3 ನಕ್ಷೆಯಲ್ಲಿ ಸ್ಕೇಲ್ ಇಟ್ಟು ಚುಕ್ಕಿ ಹಾಕಿದೆ. ಚುಕ್ಕಿ ಗೆರೆಯಿಂದ ಎರಡು ಮಿಲಿಮೀಟರ್ ಮೇಲೆ ಬಿತ್ತು. ಪೆನ್ಸಿಲ್ ಮೊಂಡಾಗಿದೆಯೇನೋ ಅಂತ ಚೂಪು ಮಾಡಿ ಮತ್ತೆ ಹಾಕಿದೆ. ಅಲ್ಲೇ ಬಿತ್ತು. ಆ ಎರಡು ಮಿಲಿಮೀಟರ್ ಅಂದರೆ ಹನ್ನೊಂದು ಮೈಲಿ. ನೋಡದೆ ಬಿಟ್ಟಿದ್ದರೆ 40 ಡಿಗ್ರಿ ಮುಟ್ಟುವಾಗ ಅದು 60 ಮೈಲಿ ಆಗಿ, ಪಕ್ಕದ ದಾರಿಯಲ್ಲಿ ಬರುವ ವಿಮಾನಗಳ ನಡುವೆ ಇರುತ್ತಿದ್ದೆ.

ಇಂಧನದ ಅಂಕಿ ಯಾಕೆ ಬರೆಯಬೇಕು ಅನ್ನುವುದಕ್ಕೆ 2001ರ ಆಗಸ್ಟ್ 24ರ ಏರ್ ಟ್ರಾನ್ಸಾಟ್ 236ನೇ ಹಾರಾಟಕ್ಕಿಂತ ದೊಡ್ಡ ಪಾಠ ಇಲ್ಲ. ಟೊರಾಂಟೊದಿಂದ ಲಿಸ್ಬನ್‌ಗೆ ಹೋಗುತ್ತಿದ್ದ ಎ330. ಬಲ ಇಂಜಿನ್ ಕಡೆ ಇಂಧನ ಸೋರುತ್ತಿತ್ತು. ಎರಡು ಕಡೆಯ ಟ್ಯಾಂಕ್ ಸಮ ಇಲ್ಲ ಅನ್ನುವ ಸೂಚನೆ ಬಂದಾಗ ಪೈಲಟ್‌ಗಳು ಸಮ ಮಾಡಲು ಅಡ್ಡ ಕವಾಟ ತೆರೆದರು. ಒಳ್ಳೆಯ ಕಡೆಯ ಇಂಧನವೂ ಸೋರುವ ಕಡೆಗೆ ಹೋಯಿತು. ಸಾಗರದ ಮೇಲೆ ಎರಡೂ ಇಂಜಿನ್ ನಿಂತವು. ಆದರೆ ಅಷ್ಟರಲ್ಲಿ ಅವರು ಲಾಜೆಸ್ ಕಡೆ ತಿರುಗಿಯಾಗಿತ್ತು. ಕ್ಯಾಪ್ಟನ್ ರಾಬರ್ಟ್ ಪಿಶೆ ಮತ್ತು ಸಹ ಪೈಲಟ್ ಡರ್ಕ್ ಡಿ ಯಾಗರ್ ಸುಮಾರು 19 ನಿಮಿಷ ಇಂಜಿನ್ ಇಲ್ಲದೆ ತೇಲಿಸಿಕೊಂಡು ಬಂದು ಇಳಿಸಿದರು. 306 ಜನರೂ ಉಳಿದರು. ಮೊದಲೇ ಲಾಜೆಸ್ ಕಡೆ ತಿರುಗಿದ್ದು ಅವರನ್ನು ಉಳಿಸಿತು. ಅಂಕಿ ಕಡಿಮೆ ಕಂಡಾಗ ಮೊದಲು ಕೇಳಬೇಕಾದ್ದು ಇಂಧನ ಎಲ್ಲಿಗೆ ಹೋಗುತ್ತಿದೆ ಅಂತ.

ಇಂಜಿನ್ ನಿಂತರೆ ಹೇಗೆ ತಿರುಗಬೇಕು ಅನ್ನುವುದನ್ನೂ ಅಭ್ಯಾಸ ಮಾಡಿ. ಕೆಳಗೆ ಸಾವಿರ ಅಡಿಯಲ್ಲಿ ಇನ್ನೊಂದು ವಿಮಾನ ಇರಬಹುದು, ಸುಮ್ನೆ ಇಳಿಯುವ ಹಾಗಿಲ್ಲ. ಮೊದಲು ಕನಿಷ್ಠ 30 ಡಿಗ್ರಿ ಪಕ್ಕಕ್ಕೆ ತಿರುಗಿ, ದಾರಿಯಿಂದ 5 ಮೈಲಿ ದೂರ ಹೋಗಿ, ಅದಕ್ಕೆ ಸಮಾನಾಂತರವಾಗಿ ಹಾರುತ್ತಾ 29,000 ಅಡಿಯ ಕೆಳಗೆ ಇಳಿಯಬೇಕು. ಅಲ್ಲಿಂದ ಮುಂದೆ ನಿಮ್ಮ ನಿಲ್ದಾಣದ ಕಡೆ. ಪೆನ್ಸಿಲ್ ಗೆರೆ ಆ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಏನೂ ತೊಂದರೆ ಇಲ್ಲದ ದಿನವೂ ದಾರಿಯ ಬಲಕ್ಕೆ ಒಂದೆರಡು ಮೈಲಿ ಸರಿದು ಹಾರಿ. ಜಿಪಿಎಸ್ ಎಷ್ಟು ನಿಖರ ಅಂದರೆ ಎಲ್ಲ ವಿಮಾನಗಳೂ ಕೂದಲೆಳೆಯಷ್ಟೂ ತಪ್ಪದೆ ಒಂದರ ತಲೆಯ ಮೇಲೆ ಒಂದು ಹಾರುತ್ತವೆ. ಅದನ್ನು ತಪ್ಪಿಸಲು ಅಲ್ಲಿ ಈ ಪದ್ಧತಿ ಇದೆ.

ಸಮಯ ಓಡಿಸಬಹುದಾ ಅಂತ ಇಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ನಾಲ್ಕು ಪಟ್ಟು, ಎಂಟು ಪಟ್ಟು ವೇಗದಲ್ಲಿ. ಸಾಗರದ ಮೇಲೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಂಟು ಪಟ್ಟಿನಲ್ಲಿ 55 ನಿಮಿಷ ಅಂದರೆ ಏಳು ನಿಮಿಷ, ಚುಕ್ಕಿ ಹಾಕಲು ಒಂದೂಕಾಲು ನಿಮಿಷಕ್ಕೆ ಎದ್ದು ಕೂರಬೇಕು. ಅಷ್ಟು ಹೊತ್ತು ಸಿಗದಿದ್ದರೆ ಶ್ಯಾನನ್‌ನಿಂದ ಗ್ಯಾಂಡರ್‌ಗೆ ಮಾತ್ರ ಹಾರಿ, ನಾಲ್ಕೂವರೆ ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಇನ್ನು ಕರೆಂಟ್ ಹೋದರೆ? ನಮ್ಮ ಕಡೆ ಇದು ಇಂಜಿನ್ ನಿಲ್ಲುವುದಕ್ಕಿಂತ ಹತ್ತಿರದ ಮಾತು. ಯುಪಿಎಸ್ ಇರಲಿ. ಹಾಳೆಯಲ್ಲಿ ಬಿಂದು, ಹೊತ್ತು, ಇಂಧನ ಬರೆದಿದ್ದರೆ ಮತ್ತೆ ಅದೇ ಬಿಂದುವಿನಿಂದ, ಅದೇ ಇಂಧನ ತುಂಬಿ ಶುರುಮಾಡಬಹುದು. ನಾನು ಎರಡು ಸಲ ಹಾಗೆ ಮಾಡಿದ್ದೇನೆ.

ಇವತ್ತೇ ಶುರುಮಾಡಬೇಕು ಅನ್ನುವವರು ಮೊದಲು ಬೆಂಗಳೂರಿನಿಂದ ಮಾಲೆಗೆ ಹೋಗಿ ಬನ್ನಿ. ಸುಮಾರು 600 ನಾಟಿಕಲ್ ಮೈಲಿ, ಅರ್ಧಕ್ಕಿಂತ ಹೆಚ್ಚು ನೀರಿನ ಮೇಲೆ. ತಿರುವನಂತಪುರದಿಂದ ಮಾಲೆಗೆ 330 ಮೈಲಿ. ಆ 330ಕ್ಕೆ ಅವತ್ತಿನ ಗಾಳಿ ಹಿಡಿದು ಸಮ ಹೊತ್ತಿನ ಬಿಂದು ಕಂಡುಹಿಡಿಯಿರಿ. ಅಡ್ಡಗೆರೆ ಹಾಕಿ. ಗೆರೆ ದಾಟುವಾಗ ಗಡಿಯಾರ ನೋಡಿ ಹಾಳೆಯ ಮೇಲೆ ಬರೆಯಿರಿ. ಮುಂದಿನ ಸಲ ಸಿಕ್ಕಾಗ ಆ ಹಾಳೆ ತನ್ನಿ, ಕೂತು ನೋಡೋಣ.